ವಿಶೇಷ ಅಗತ್ಯದ ಮಕ್ಕಳನ್ನು ಸೇರಿಸಿಕೊಳ್ಳುವಾಗ

ಗುಂಪಿನ ಎಲ್ಲ ಶಿಕ್ಷಕಿಯರು ಮತ್ತು ಸಹಾಯಕರ ಗಮನಕ್ಕೆ,

ಮಗುವನ್ನು ದಾಖಲಿಸಿಕೊಂಡು, ಮೂಲೆಯಲ್ಲಿ ಒಬ್ಬ ಸಹಾಯಕಿಯ ಜೊತೆ ಕೂರಿಸಿದರೆ ಸೇರಿಸಿಕೊಂಡಂತೆ ಆಗುವುದಿಲ್ಲ. ಮಗು ಆಟದ ನಡುವೆ ಇರಬೇಕು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಇತರ ಮಕ್ಕಳಿಗೆ ಸಮನಾದ ಆಟದ ಅವಕಾಶವನ್ನು ಸ್ಪಷ್ಟವಾಗಿಯೇ ಹೇಳುತ್ತದೆ.

ದಾಖಲಾತಿಯ ದಿನ ಮಗುವಿನ ತೊಂದರೆಗೆ ವೈದ್ಯರು ಕೊಟ್ಟ ಹೆಸರನ್ನಷ್ಟೇ ಬರೆದುಕೊಳ್ಳಬೇಡಿ. ಮಗು ಬೇಕು, ಬೇಡಗಳನ್ನು ಹೇಗೆ ತಿಳಿಸುತ್ತದೆ, ಯಾವ ಸದ್ದಿಗೆ ಬೆಚ್ಚುತ್ತದೆ, ಏನು ಮಾಡಿದರೆ ಸಮಾಧಾನವಾಗುತ್ತದೆ ಎಂದು ಪೋಷಕರನ್ನು ಕೇಳಿ.

ಅಳು, ರಂಪ ಹೆಚ್ಚಾಗಿ ಶುರುವಾಗುವುದು ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಹೊರಳುವಾಗ. ಆಟಿಸಂ ಇರುವ ಮಗು ಬ್ಲಾಕ್‌ಗಳನ್ನು ಸಾಲಾಗಿ ಜೋಡಿಸುತ್ತಿರುವಾಗ ಏಕಾಏಕಿ ಎಬ್ಬಿಸಿದರೆ ಅದು ಚೀರುವುದು ಹಟದಿಂದಲ್ಲ, ಗಾಬರಿಯಿಂದ. ಐದು ನಿಮಿಷ ಮೊದಲೇ ಕೈತೊಳೆಯುವ ಚಿತ್ರ ತೋರಿಸಿ, "ಇದಾದ ಮೇಲೆ ಕೈ ತೊಳೆಯೋಣ" ಎಂದು ಒಮ್ಮೆ ಹೇಳಿ, ಸುಮ್ಮನೆ ಕಾಯಿರಿ. ಕಾಯುವುದೇ ನಮಗೆ ಕಷ್ಟ! ಮತ್ತೆ ಮತ್ತೆ ಹೇಳಿದರೆ ಗೊಂದಲ ಹೆಚ್ಚುತ್ತದೆ. ಇದೇ ಚಿತ್ರಗಳು ಇನ್ನೂ ಮಾತು ಕಲಿಯುತ್ತಿರುವ ಉಳಿದ ಪುಟಾಣಿಗಳಿಗೂ ನೆರವಾಗುತ್ತವೆ.

ಶ್ರವಣಸಾಧನ ಧರಿಸುವ ಮಗುವಿನೊಡನೆ ಮಾತನಾಡುವಾಗ ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ. ನಿಮ್ಮ ಮುಖ ನೆರಳಾಗಿ ತುಟಿಯ ಚಲನೆ ಕಾಣುವುದಿಲ್ಲ. ಗಾಲಿಕುರ್ಚಿ ಇದ್ದರೆ ಆಟಿಕೆಗಳ ಕಪಾಟು ಕೈಗೆಟಕುವ ಎತ್ತರದಲ್ಲಿದೆಯೇ ನೋಡಿ.

"ಅವನು ಯಾಕೆ ಮಾತನಾಡುವುದಿಲ್ಲ?" ಎಂದು ಬೇರೆ ಮಕ್ಕಳು ಕೇಳಿದರೆ ಗದರಬೇಡಿ. "ಅವನು ಚಿತ್ರ ತೋರಿಸಿ ಹೇಳುತ್ತಾನೆ, ನೀನೂ ಕೇಳಿ ನೋಡು" ಎಂದರೆ ಸಾಕು.

ದಯವಿಟ್ಟು ಮಕ್ಕಳ ಹೆಸರು, ಫೋಟೊ, ವೈದ್ಯಕೀಯ ವಿವರಗಳನ್ನು ಇಲ್ಲಿ ಹಾಕಬೇಡಿ. ಹೆಸರಿಲ್ಲದೆಯೇ ಪ್ರಶ್ನೆ ಕೇಳಿ, ಖಂಡಿತ ಉತ್ತರಿಸುತ್ತೇನೆ.