ಕೆನೋಶಾ ಪಾಸ್‌ಗೆ ಹೊರಟ ಗೆಳೆಯನಿಗೆ

ಪ್ರೀತಿಯ ರಾಘು,

ಆಸ್ಪೆನ್ ಮರಗಳ ಕಾಡು ಹಳದಿಯಾಗುವ ಹೊತ್ತಿಗೆ ಅಮೆರಿಕದ ಕೊಲೊರಾಡೊಗೆ ಬರುತ್ತೇನೆ, ಇಡೀ ದಿನ ನಡೆಯುವಂಥ ದಾರಿ ಹೇಳು ಅಂದಿದ್ದೆಯಲ್ಲ? ಕೆನೋಶಾ ಪಾಸ್ ಎಂಬ ಕಣಿವೆದಾರಿಗೆ ಹೋಗು. ಡೆನ್ವರ್‌ನಿಂದ 285ನೇ ಹೆದ್ದಾರಿಯಲ್ಲಿ ಸುಮಾರು 100 ಕಿ.ಮೀ. ಅಲ್ಲಿ ಕೊಲೊರಾಡೊ ಟ್ರೇಲ್ ಎಂಬ ಉದ್ದದ ಕಾಲುದಾರಿ ಹೆದ್ದಾರಿಯನ್ನು ದಾಟುತ್ತದೆ. ಪಶ್ಚಿಮದ ಕವಲು ಹಿಡಿದು ಜೆಫರ್ಸನ್ ಕ್ರೀಕ್ ಎಂಬ ಹಳ್ಳದವರೆಗೆ ಹೋಗಿ ಬಂದರೆ ಹತ್ತಿರ ಹತ್ತಿರ 20 ಕಿ.ಮೀ.

ಕುಮಾರಪರ್ವತ ಹತ್ತಿದವನಿಗೆ ಇದೇನು ಮಹಾ ಅನ್ನಬೇಡ. ಕಾರು ನಿಲ್ಲಿಸುವ ಜಾಗವೇ 3,050 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930. ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 70ರಷ್ಟು ಮಾತ್ರ. ವಿಮಾನ ಇಳಿದ ಮರುದಿನವೇ ಹೊರಡದೆ ಎರಡು ರಾತ್ರಿ ಡೆನ್ವರ್‌ನಲ್ಲಿ ಮಲಗು. ನಡೆಯುವಾಗ ತಲೆನೋವಿನ ಜೊತೆ ವಾಕರಿಕೆ ಬಂದರೆ ಮಾತ್ರೆ ನುಂಗಿ ಮುಂದುವರಿಯಬೇಡ, ಹಿಂದಿರುಗಿ ಕಾರು ಹತ್ತಿ ಕೆಳಗಿಳಿ.

ಈ ದಾರಿಯ ಕಿತಾಪತಿ ಬೇರೆಯೇ. ಮೊದಲು ಸ್ವಲ್ಪ ಏರು, ಆಮೇಲೆ ಸೌತ್ ಪಾರ್ಕ್ ಎಂಬ ವಿಶಾಲ ಬಯಲು ಕಾಣುವ ದಿಬ್ಬ, ಅಲ್ಲಿಂದಾಚೆ ಬಹುಪಾಲು ಇಳಿಜಾರು. ಸುಲಭ ಅನಿಸುತ್ತದೆ. ದಣಿದ ಕಾಲಿಗೆ ಆ ಇಳಿಜಾರೇ ವಾಪಸ್ ಬರುವಾಗ ಏರು. ಅದಕ್ಕೇ ದೂರ ನೋಡಿ ತಿರುಗಬೇಡ, ಗಡಿಯಾರ ನೋಡಿ ತಿರುಗು. ಬೆಳಗ್ಗೆ ಏಳೂವರೆಗೆ ಹೊರಟರೆ, ಹಳ್ಳ ಸಿಗಲಿ ಬಿಡಲಿ, ಹನ್ನೆರಡೂವರೆಗೆ ಹಿಂದಕ್ಕೆ. ಫೋಟೊ ತೆಗೆಯುತ್ತಾ ಹೋದರೆ ಗಂಟೆಗೆ 3 ಕಿ.ಮೀ. ಸಾಗಿದರೆ ಹೆಚ್ಚು. ಸೂರ್ಯ ಮುಳುಗುವುದು ಏಳರೊಳಗೆ. ಹೆಡ್‌ಲ್ಯಾಂಪ್ ಇರಲಿ, ಮೊಬೈಲ್ ಟಾರ್ಚ್ ನಂಬಬೇಡ. ಚಳಿಗೆ ಬ್ಯಾಟರಿ ಬೇಗ ಕೂರುತ್ತದೆ.

ತಾರೀಖಿನ ಮಾತು. ಸೆಪ್ಟೆಂಬರ್ ಕೊನೆಯ ಹತ್ತು ದಿನ ಸಾಮಾನ್ಯವಾಗಿ ಸರಿಯಾದ ಹೊತ್ತು. ಜೋರು ಗಾಳಿ ಬೀಸಿದರೆ ಒಂದೇ ರಾತ್ರಿಯಲ್ಲಿ ಎಲೆ ಉದುರಿಬಿಡಬಹುದು. ಹಾಗಂತ ಎಲ್ಲ ಒಟ್ಟಿಗೇ ಹಣ್ಣಾಗುವುದೂ ಇಲ್ಲ. ಆಸ್ಪೆನ್ ಬೇರಿನಿಂದ ಕುಡಿಯೊಡೆಯುವ ಮರ. ಒಂದು ಗುಂಪಿನ ನೂರಾರು ಕಾಂಡಗಳು ಒಂದೇ ಬೇರುಜಾಲಕ್ಕೆ ಸೇರಿರುತ್ತವೆ. ಆ ಗುಂಪು ಪೂರ್ತಿ ಒಂದೇ ಹೊತ್ತಿಗೆ ಬಣ್ಣ ತಿರುಗುತ್ತದೆ, ಪಕ್ಕದ ಗುಂಪು ಇನ್ನೂ ಹಸಿರಾಗಿರುತ್ತದೆ. ದಿಬ್ಬದ ಮೇಲೆ ನಿಂತರೆ ಒಂದೊಂದು ಗುಂಪಿನ ಗಡಿ ಎಲ್ಲಿಗೆ ಮುಗಿಯುತ್ತದೆ ಅಂತ ಬಣ್ಣದಿಂದಲೇ ಗುರುತಿಸಬಹುದು. ಒಂದು ಎಲೆ ಎತ್ತಿ ತೊಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ನೋಡು, ಉರುಳುವುದಿಲ್ಲ. ರಿಬ್ಬನ್ನಿನಂತೆ ಚಪ್ಪಟೆ, ಅದೂ ಎಲೆಯ ಹರವಿಗೆ ಅಡ್ಡಲಾಗಿ. ನಮ್ಮ ಅರಳಿ ಎಲೆಯ ಹಾಗೆ ಸಣ್ಣ ಗಾಳಿಗೂ ಅದು ನಡುಗುವುದು ಈ ತೊಟ್ಟಿನಿಂದಲೇ. ತೊಗಟೆಯ ಮೇಲೆ ಹೆಸರು ಕೆತ್ತಿದ್ದು ಕಂಡೀತು. ಹೊಟ್ಟೆ ಉರಿಯುತ್ತದೆ. ಆ ತೊಗಟೆ ತೆಳು, ಗಾಯದಿಂದ ಶಿಲೀಂಧ್ರ ನುಗ್ಗಿ ಒಳಗೇ ಕೊಳೆಯುತ್ತದೆ. ಹೊರಗೆ ಗಟ್ಟಿಯಾಗಿ ಕಂಡ ಮರ ಗಾಳಿಗೆ ಮುರಿದುಬೀಳುವುದೂ ಹೀಗೇ. ಗಾಳಿ ಎದ್ದ ದಿನ ಮರದ ಬುಡದಲ್ಲಿ ಊಟಕ್ಕೆ ಕೂರಬೇಡ.

ಊಟ ಅಂದೆ, ಪುಳಿಯೋಗರೆ ಬೇಡ. ಚಳಿಗೆ ಅನ್ನ ಕಲ್ಲಾಗುತ್ತದೆ. ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುತ್ತಿಕೋ, ಜೊತೆಗೆ ಕಡಲೆಬೀಜದ ಚಿಕ್ಕಿ. ನೀರು 3 ಲೀಟರ್. ತೊರೆಯ ನೀರನ್ನು ಸೋಸದೆ ಕುಡಿಯಬೇಡ, ಜಿಯಾರ್ಡಿಯಾ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಹೊಟ್ಟೆ ಕೆಡಿಸುತ್ತದೆ. ಫಿಲ್ಟರ್ ಒಮ್ಮೆ ನೆನೆದ ಮೇಲೆ ರಾತ್ರಿ ಕಾರಿನಲ್ಲಿ ಬಿಡಬೇಡ. ಒಳಗಿನ ನೀರು ಹೆಪ್ಪುಗಟ್ಟಿದರೆ ನೀರು ಸೋಸುವ ಸಣ್ಣ ಎಳೆಗಳು ಸೀಳುತ್ತವೆ, ಹೊರಗಿಂದ ಗೊತ್ತೇ ಆಗುವುದಿಲ್ಲ.

ಜೀನ್ಸ್, ಹತ್ತಿ ಬನಿಯನ್ ಎರಡೂ ಬೇಡ. ಬೆವರು ಕುಡಿದು ಒಣಗುವುದಿಲ್ಲ, ನಿಂತ ಕೂಡಲೇ ನಡುಕ. ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಂಗಿ, ಅದರ ಮೇಲೆ ಫ್ಲೀಸ್, ಗಾಳಿ-ಮಳೆ ತಡೆಯುವ ಜಾಕೆಟ್. ಮುಂಜಾನೆ ಸೊನ್ನೆಯ ಆಸುಪಾಸು, ಮಧ್ಯಾಹ್ನ ಬಿಸಿಲು ಸುಡುತ್ತದೆ, ಸಂಜೆ ಹಿಮ ಬಿದ್ದರೂ ಆಶ್ಚರ್ಯವಿಲ್ಲ. ಗುಡುಗು ಕೇಳಿದರೆ ಬಯಲು ದಿಬ್ಬದ ಮೇಲೆ ನಿಲ್ಲಬೇಡ. ಅದು ಬೇಟೆಯ ಕಾಲ, ಕಿತ್ತಳೆ ಬಣ್ಣದ ಟೋಪಿ ಹಾಕಿಕೋ. ಮೂಸ್ ಎಂಬ ದೈತ್ಯ ಜಿಂಕೆ ಎದುರಾದರೆ ಫೋಟೊ ಆಸೆ ಬಿಟ್ಟು ಮರದ ಮರೆಗೆ ಸರಿ.

ಶನಿವಾರ, ಭಾನುವಾರ ಬೇಡವೇ ಬೇಡ. ಪಾರ್ಕಿಂಗ್ ಜಾಗ ಬೇಗ ತುಂಬಿ ಕಾರುಗಳು ಹೆದ್ದಾರಿಯ ಅಂಚಿಗೆ ಸಾಲುಗಟ್ಟುತ್ತವೆ. ಮಂಗಳವಾರವೋ ಬುಧವಾರವೋ ಇಟ್ಟುಕೋ, ಟಿಕೆಟ್ ಬುಕ್ ಮಾಡುವ ಮುಂಚೆ ತಾರೀಖು ತಿಳಿಸು.

ನಿನ್ನ,
ಶ್ರೀಧರ