ದಾಸವಾಳ ಗಿಡದ ಯಜಮಾನ್ರು

ಪುಟ್ಟಿ,

ನೀನು ಹಾಸ್ಟೆಲ್‌ಗೆ ಹೋಗಿ ಇನ್ನೂ ಎಂಟು ದಿನ ಆಗಿಲ್ಲ, ಕಿಟಕಿ ಪಕ್ಕದ ನಿನ್ನ ಮಂಚಕ್ಕೆ ನಿನ್ ತಮ್ಮ ಆಗ್ಲೇ ದಿಂಬು ತಂದು ಹಾಕ್ಕೊಂಡಿದಾನೆ. ಫೋನಲ್ಲಿ ಹೇಳಿದ್ರೆ ಜಗಳ ಶುರು ಮಾಡ್ತೀಯ ಅಂತ ಬರೀತಿದೀನಿ.

ಹಿತ್ತಲಲ್ಲೂ ಇದೇ ಕಥೆ. ಬಚ್ಚಲ ಹಿಂದಿನ ದಾಸವಾಳಕ್ಕೆ ಒಂದು ಗಂಡು ಚಿಟ್ಟೆ ಬಂದು ಸೇರ್ಕೊಂಡಿದೆ, ಗ್ರೇಟ್ ಎಗ್‌ಫ್ಲೈ, ಕಪ್ಪು ರೆಕ್ಕೆ, ಬಿಳಿ ಬೊಟ್ಟು, ಬೊಟ್ಟಿನ ಸುತ್ತ ಓರೆಯಾಗಿ ನೋಡಿದ್ರೆ ಮಾತ್ರ ಮಿಂಚೋ ನೀಲಿ. ಬಿಸಿಲು ಬಿದ್ದ ತಕ್ಷಣ ಹೊರಗೆ ಚಾಚಿರೋ ಅದೇ ಎಲೆ ಮೇಲೆ ಯಜಮಾನ್ರು ಹಾಜರ್. ಬೇರೆ ಚಿಟ್ಟೆ ಬಂದ್ರೆ ಓಡಿಸೋದು ಸರಿ, ಕಣಜ ಬಂದ್ರೂ, ಒಣಗಿದ ಎಲೆ ಉದುರಿದ್ರೂ ಹಿಂದೆ ಹೋಗಿ ನೋಡ್ಕೊಂಡು ಬಂದು ಮತ್ತೆ ಅಲ್ಲೇ ಕೂರೋದು, ನಿನ್ನೆ ನಿಮ್ಮಮ್ಮ ಟವಲ್ ಕೊಡವಿದ್ಲು, ಅದಕ್ಕೂ ಎದ್ದು ಬಂದ್ರು! ಕಚ್ಚೋಕೆ ಹಲ್ಲಿಲ್ಲ, ಚುಚ್ಚೋಕೆ ಮುಳ್ಳಿಲ್ಲ, ಗತ್ತು ಮಾತ್ರ ನೋಡ್ಬೇಕು. ಇದೆಲ್ಲ ಹೂವಿಗಾಗಿ ಅಲ್ಲ, ಆ ದಾರೀಲಿ ಹಾದುಹೋಗೋ ಹೆಣ್ಣಿಗಾಗಿ.

ಆಕ್ಸ್‌ಫರ್ಡ್ ಹತ್ರ ವೈಥಮ್ ಕಾಡಲ್ಲಿ ನಿಕ್ ಡೇವಿಸ್ ಅನ್ನೋ ವಿಜ್ಞಾನಿ ಸ್ಪೆಕಲ್ಡ್ ವುಡ್ ಚಿಟ್ಟೆ ಹಿಂದೆ ಬಿದ್ದು 1978ರಲ್ಲಿ ಬರೆದಿದ್ದು ನಿನ್ನ ಕ್ಲಾಸಲ್ಲಿ ಬರಬಹುದು. ಅಲ್ಲಿ ಜಗಳ ನೆಲಕ್ಕೆ ಬೀಳೋ ಬಿಸಿಲಿನ ತುಂಡಿಗೆ. ಬಿಸಿಲು ಸರಿದ ಹಾಗೆ ಗಂಡೂ ಸರಿಯತ್ತೆ. ಇನ್ನೊಬ್ಬ ಬಂದ್ರೆ ಇಬ್ಬರೂ ಗಿರಗಿರ ಸುತ್ತುತ್ತಾ ಮೇಲೇರಿ ಕೆಲವೇ ಸೆಕೆಂಡಲ್ಲಿ ತೀರ್ಮಾನ, ಮೊದ್ಲು ಕೂತಿದ್ದವನೇ ಗೆಲ್ಲೋದು. ಡೇವಿಸ್ ಆ ಮೊದಲಿನವನನ್ನ ಹಿಡಿದಿಟ್ರು, ಖಾಲಿ ಜಾಗಕ್ಕೆ ಇನ್ನೊಬ್ಬ ಬಂದು ಕೂತ, ಆಮೇಲೆ ಹಳಬನನ್ನ ಬಿಟ್ರೆ ಹಳಬನೇ ಸೋತ! ಇಬ್ಬರಿಗೂ ಜಾಗ ನಂದೇ ಅನ್ನಿಸೋ ಹಾಗೆ ಮಾಡಿದಾಗ ಮಾತ್ರ ಜಗಳ ಸುಮಾರು ಹತ್ತು ಪಟ್ಟು ಎಳೀತಂತೆ. ಅಷ್ಟು ಸಲೀಸಲ್ಲ, ಬಿಸಿಲಲ್ಲಿ ಕೂತು ಮೈ ಬೆಚ್ಚಗಿದ್ದವನು ಗೆಲ್ತಾನೆ ಅಂತ ಆಮೇಲೆ ಬೇರೆಯವರು ತಕರಾರು ತೆಗೆದ್ರು, ನನಗೂ ಅದು ಸರಿ ಅನ್ಸತ್ತೆ.

ನಮ್ಮವರದ್ದು ಬೇರೆ ಫಜೀತಿ. ಇವರ ಹೆಣ್ಣು ಕಾಮನ್ ಕ್ರೋ ಚಿಟ್ಟೆ ವೇಷದಲ್ಲಿರತ್ತೆ, ಆ ಚಿಟ್ಟೆ ಹಕ್ಕಿಗಳ ಬಾಯಿಗೆ ರುಚಿಸಲ್ಲ ನೋಡು, ಅದಕ್ಕೆ. ಮೊನ್ನೆ ಬೆಳಿಗ್ಗೆ ಮೂರು ಸಲ ನಿಜವಾದ ಕ್ರೋ ಹಿಂದೆ ಹೋಗಿ ಪೆಚ್ಚಾಗಿ ವಾಪಸ್ ಬಂದ್ರು. ನಾಲ್ಕನೇದು ಹೆಣ್ಣೇ! ಸುಮಾರು ಹೊತ್ತು ಹಿಂದೆ ಮುಂದೆ ಹಾರಾಡಿ ಕೊನೆಗೆ ಬಸಳೆ ಚಪ್ಪರದ ಒಳಗೆ ಜೋಡಿ ಕೂತವು, ಹೊಟ್ಟೆ ತುದಿ ಸೇರಿಸಿ, ಒಂದರ ಮುಖ ಆ ಕಡೆ, ಇನ್ನೊಂದರದ್ದು ಈ ಕಡೆ. ನಾನು ಕಾಫಿ ಕುಡಿದು ಪೇಪರ್ ಓದಿ ಬಂದ್ರೂ ಹಾಗೇ ಕೂತಿದ್ವು. ಅಷ್ಟರಲ್ಲಿ ದಾಸವಾಳದ ಎಲೆ ಮೇಲೆ ಇನ್ನೊಬ್ಬ ಬಂದು ರೆಕ್ಕೆ ಹರಡಿ ಕೂತಾಗಿತ್ತು.

ದಸರಾಕ್ಕೆ ಯಾವ ಬಸ್ಸಿಗೆ ಬರ್ತೀಯ ಅಂತ ಮೊದ್ಲೇ ಹೇಳು, ದಿಂಬು ಎತ್ತಿಸಿಡ್ತೀನಿ.

ಅಪ್ಪ