ಠಾಣಾಧಿಕಾರಿಗಳು ಎರಡು ವರ್ಷವಾದರೂ ಊರಲ್ಲಿ ನಿಲ್ಲಲಿ

ಮಾನ್ಯ ಸಂಪಾದಕರಿಗೆ,

ಪೊಲೀಸ್ ಠಾಣೆಗೆ ಹೋದವರು ನೋಡಿರಬಹುದು, ಠಾಣಾಧಿಕಾರಿಯ ಕೋಣೆಯ ಗೋಡೆಗೆ ಒಂದು ಹಲಗೆ ಇರುತ್ತದೆ. ಆ ಕುರ್ಚಿಯಲ್ಲಿ ಕುಳಿತು ಹೋದವರ ಹೆಸರು, ಬಂದ ದಿನಾಂಕ ಮತ್ತು ಹೋದ ದಿನಾಂಕವನ್ನು ಅದರ ಮೇಲೆ ಬರೆದಿರುತ್ತಾರೆ. ನಮ್ಮ ಗದಗ-ಬೆಟಗೇರಿಯ ಒಂದು ಠಾಣೆಯಲ್ಲಿ ನನ್ನ ದೂರು ಏನಾಯಿತೆಂದು ಕೇಳಲು ಹೋಗಿ, ಸಾಹೇಬರು ಬರುವವರೆಗೆ ಕಾಯುತ್ತ ಕುಳಿತಿದ್ದಾಗ ಆ ಹಲಗೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮೇಲಿನ ಸಾಲುಗಳಲ್ಲಿ ಮೂರು ವರ್ಷ, ಎರಡೂವರೆ ವರ್ಷ ಇದ್ದವರ ಹೆಸರುಗಳಿದ್ದವು. ಕೆಳಗೆ ಬರಬರುತ್ತ ಆ ಅವಧಿ ಒಂದು ವರ್ಷಕ್ಕೆ, ಎಂಟು ತಿಂಗಳಿಗೆ, ಕೊನೆಗೆ ಐದು ತಿಂಗಳಿಗೆ ಇಳಿದಿತ್ತು.

ನಾನು ಬೆಟಗೇರಿಯಲ್ಲಿ ನೇಕಾರರಿಗೆ ನೂಲು ಮಾರುವ ವ್ಯಾಪಾರಿ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ಗೋದಾಮಿನ ಬೀಗ ಮುರಿದು ರೇಷ್ಮೆ ನೂಲಿನ ಹನ್ನೊಂದು ಗಂಟುಗಳನ್ನು ಕದ್ದೊಯ್ದರು. ಗೋದಾಮಿನ ಮುಂದಿನ ರಸ್ತೆಯೇ ಎರಡು ಠಾಣೆಗಳ ಸರಹದ್ದು ಎಂಬುದು ನನಗೆ ಗೊತ್ತಾದದ್ದು ಮೊದಲು ಹೋದ ಠಾಣೆಯಿಂದ ನನ್ನನ್ನು ಇನ್ನೊಂದಕ್ಕೆ ಕಳಿಸಿದಾಗ. ಅಲ್ಲಿ ದೂರು ದಾಖಲಾಯಿತು, ಪಂಚನಾಮೆಯೂ ನಡೆಯಿತು. ಮುಂದಿನ ಹದಿನಾಲ್ಕು ತಿಂಗಳಲ್ಲಿ ಆ ಠಾಣೆಗೆ ಮೂವರು ಇನ್‌ಸ್ಪೆಕ್ಟರ್‌ಗಳು ಬಂದರು. ಮೂವರೂ ನನ್ನನ್ನು ಗೌರವದಿಂದಲೇ ಮಾತನಾಡಿಸಿದರು, ಮೂವರೂ “ಮೊದಲಿಂದ ಹೇಳ್ರಿ” ಎಂದರು, ನಾನೂ ಮೂರು ಸಲ ಮೊದಲಿನಿಂದ ಹೇಳಿದೆ. ಪ್ರಕರಣದ ಎಳೆ ಪೂರ್ತಿ ಗೊತ್ತಿದ್ದವರು ಒಬ್ಬ ಹೆಡ್ ಕಾನ್‌ಸ್ಟೆಬಲ್ ಮಾತ್ರ. ನಾನು ಹೋದಾಗಲೆಲ್ಲ ಅವರು ಬಂದೋಬಸ್ತಿಗೋ ಕೋರ್ಟಿಗೋ ಹೋಗಿರುತ್ತಿದ್ದರು. ಮಾಲು ಇಂದಿಗೂ ಸಿಕ್ಕಿಲ್ಲ. ಅದಕ್ಕಾಗಿ ಯಾರನ್ನೂ ದೂಷಿಸಲು ಈ ಪತ್ರ ಬರೆಯುತ್ತಿಲ್ಲ. ಆ ಹದಿನಾಲ್ಕು ತಿಂಗಳಲ್ಲಿ ನಮ್ಮ ಊರಿನ ಪೊಲೀಸ್ ವ್ಯವಸ್ಥೆ ಎಲ್ಲಿ ಸಡಿಲವಾಗಿದೆ ಎಂಬುದು ನನಗೆ ಕಣ್ಣಿಗೆ ಕಂಡಿತು, ಅದನ್ನು ಹೇಳಬೇಕಿದೆ.

ಹುಬ್ಬಳ್ಳಿ-ಧಾರವಾಡದ ಮಾದರಿಯಲ್ಲಿ ಗದಗ-ಬೆಟಗೇರಿಗೂ ಪೊಲೀಸ್ ಕಮಿಷನರ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನನ್ನ ವ್ಯಾಪಾರಿ ಸ್ನೇಹಿತರು ಹೇಳುವುದುಂಟು. ಈ ಮಾತನ್ನು ನಾನು ಒಪ್ಪುವುದಿಲ್ಲ. 2011ರ ಜನಗಣತಿಯಂತೆ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9 ಲಕ್ಷ 43 ಸಾವಿರದಷ್ಟಿತ್ತು, ನಮ್ಮದು 1 ಲಕ್ಷ 72 ಸಾವಿರದಷ್ಟು. ಅಲ್ಲಿ ನವನಗರದಲ್ಲಿ ಕುಳಿತ ಕಮಿಷನರ್ ಕೈಕೆಳಗೆ ಉಪ ಕಮಿಷನರ್‌ಗಳು (ಡಿಸಿಪಿ), ಸಹಾಯಕ ಕಮಿಷನರ್‌ಗಳು (ಎಸಿಪಿ), ಹತ್ತಾರು ಠಾಣೆಗಳಿವೆ. ಜಿಲ್ಲೆಯ ಗ್ರಾಮೀಣ ಭಾಗವನ್ನು ನೋಡಿಕೊಳ್ಳಲು ಧಾರವಾಡದಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ (ಎಸ್ಪಿ) ಬೇರೆ ಇದ್ದಾರೆ. ನಿಷೇಧಾಜ್ಞೆ ಹೊರಡಿಸುವಂಥ ದಂಡಾಧಿಕಾರವೂ ಕಮಿಷನರ್ ಕೈಯಲ್ಲೇ ಇರುತ್ತದೆ. ಗದಗಿನಲ್ಲಿ ಆ ಅಧಿಕಾರ ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರರಲ್ಲಿದೆ, ಸಣ್ಣ ಊರಿಗೆ ಅದು ಒಳ್ಳೆಯದೇ ಎಂದು ನನ್ನ ಭಾವನೆ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದಂದಿನಿಂದ ನಮಗೆ ನಮ್ಮದೇ ಎಸ್ಪಿ ಇದ್ದಾರೆ, ಅವರ ಕೆಳಗೆ ಹೆಚ್ಚುವರಿ ಎಸ್ಪಿ, ಉಪವಿಭಾಗಕ್ಕೆ ಡಿವೈಎಸ್ಪಿ, ನಗರ ಠಾಣೆಗಳಿಗೆ ಇನ್‌ಸ್ಪೆಕ್ಟರ್, ಅವರ ಕೈಕೆಳಗೆ ಪಿಎಸ್ಐಗಳಿದ್ದಾರೆ. ಸೈಬರ್ ವಂಚನೆಗೆ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆ ಇದೆ, ಗಲಾಟೆಗೆ ಜಿಲ್ಲಾ ಸಶಸ್ತ್ರ ಮೀಸಲು ಪಡೆ ಇದೆ, ಮೇಲೆ ಬೆಳಗಾವಿಯಲ್ಲಿ ಉತ್ತರ ವಲಯದ ಪೊಲೀಸ್ ಮಹಾನಿರೀಕ್ಷಕರು (ಐಜಿಪಿ) ಇದ್ದಾರೆ. ಹೀಗೆ ಮೆಟ್ಟಿಲುಗಳಿಗೇನೂ ಕೊರತೆಯಿಲ್ಲ. ಆದರೆ ಜನ ಹತ್ತುವ ಮೊದಲ ಮೆಟ್ಟಿಲು, ಅಂದರೆ ಠಾಣಾಧಿಕಾರಿಯ ಹುದ್ದೆ, ಒಂದು ಕಡೆ ನಿಲ್ಲುತ್ತಿಲ್ಲ.

ಎಸ್ಪಿ ಸಾಹೇಬರನ್ನು ನಮ್ಮಂಥವರು ವರ್ಷಕ್ಕೆ ಒಮ್ಮೆ, ಗಣೇಶ ಹಬ್ಬದ ಶಾಂತಿ ಸಭೆಯಲ್ಲಿ ನೋಡುತ್ತೇವೆ. ದಿನನಿತ್ಯದ ಪೊಲೀಸ್ ಆಡಳಿತ ಎಂದರೆ ನಮ್ಮ ಪಾಲಿಗೆ ಠಾಣೆಯ ಇನ್‌ಸ್ಪೆಕ್ಟರೇ. ಯಾವ ದೂರಿಗೆ ಎಫ್‌ಐಆರ್ ಆಗಬೇಕು, ಯಾವ ಪ್ರಕರಣದ ತನಿಖೆಯನ್ನು ಯಾರಿಗೆ ವಹಿಸಬೇಕು, ಯಾವ ಓಣಿಗೆ ಯಾರು ರಾತ್ರಿ ಗಸ್ತು ಹೋಗಬೇಕು ಎಂಬುದನ್ನೆಲ್ಲ ಅವರೇ ನಿರ್ಧರಿಸುತ್ತಾರೆ. ಕಾನ್‌ಸ್ಟೆಬಲ್‌ಗಳು ಹೆಚ್ಚಾಗಿ ಜಿಲ್ಲೆಯಲ್ಲೇ ಸೇವೆ ಸವೆಸುವವರು, ಅವರಿಗೆ ಊರು ಗೊತ್ತಿರುತ್ತದೆ. ಇನ್‌ಸ್ಪೆಕ್ಟರ್ ಹೊರಗಿನಿಂದ ಬರುತ್ತಾರೆ, ಬಂದವರು ತಮ್ಮ ಸಿಬ್ಬಂದಿಯಲ್ಲಿ ಯಾರು ಯಾವ ಕೆಲಸಕ್ಕೆ ಸೈ ಎಂದು ಅರಿಯಲು ಆರು ತಿಂಗಳಾದರೂ ಬೇಕು, ಅಷ್ಟರಲ್ಲಿ ಅವರ ವರ್ಗಾವಣೆಯ ಆದೇಶ ಬಂದಿರುತ್ತದೆ. ಇಷ್ಟು ದಿನ ಇರುತ್ತೇನೆಂಬ ಭರವಸೆಯೇ ಇಲ್ಲದ ಅಧಿಕಾರಿಯ ಮಾತಿಗೆ ಠಾಣೆಯೊಳಗೆ ತೂಕ ಬರುವುದು ಕಷ್ಟ.

ಮೊದಲು ನಮ್ಮ ಓಣಿಯ ಗುಡಿಯ ಗೋಡೆಗೆ ಒಂದು ತಗಡಿನ ಡಬ್ಬಿ ಇತ್ತು. ಅದರೊಳಗೆ ದಾರ ಕಟ್ಟಿದ ಬೀಟ್ ಪುಸ್ತಕವಿರುತ್ತಿತ್ತು, ಗಸ್ತಿಗೆ ಬಂದ ಪೊಲೀಸರು ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅದರಲ್ಲಿ ವೇಳೆ ಬರೆದು ಸಹಿ ಹಾಕುತ್ತಿದ್ದರು. ಐದು ವರ್ಷ ಒಬ್ಬರೇ ಕಾನ್‌ಸ್ಟೆಬಲ್ ಆ ಬೀಟಿನಲ್ಲಿದ್ದರು. ಸಹಿ ಹಾಕಿ ಹೋಗಿಬಿಡುತ್ತಿರಲಿಲ್ಲ, ಹಗಲು ಬಂದಾಗ ಅಂಗಡಿಯ ಕಟ್ಟೆಯ ಮೇಲೆ ಕುಳಿತು, “ಕಾಕಾರ, ಈ ಓಣ್ಯಾಗ ಯಾರರ ಹೊಸಬರು ಬಾಡಿಗಿಗೆ ಬಂದಾರೇನ್ರಿ?” ಎಂದು ವಿಚಾರಿಸುತ್ತಿದ್ದರು. ಮಗ್ಗದ ಸದ್ದು ಯಾರ ಮನೆಯಲ್ಲಿ ನಿಂತಿದೆ, ಯಾವ ಮನೆಯ ಹುಡುಗ ಕೆಲಸ ಬಿಟ್ಟು ತಿರುಗುತ್ತಿದ್ದಾನೆ ಎಂಬುದು ಅವರಿಗೆ ನಮಗಿಂತ ಮೊದಲೇ ತಿಳಿದಿರುತ್ತಿತ್ತು. ಈಗ ಗಸ್ತು ಮೊಬೈಲ್ ಆ್ಯಪ್‌ನಲ್ಲಿ ದಾಖಲಾಗುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. 2025ರ ಜುಲೈನಲ್ಲಿ ಸರ್ಕಾರ ಆರಂಭಿಸಿದ ‘ಮನೆ ಮನೆಗೆ ಪೊಲೀಸ್’ ಯೋಜನೆಯ ಉದ್ದೇಶವೂ ಇಂಥ ಪರಿಚಯವನ್ನು ಮತ್ತೆ ಬೆಳೆಸುವುದೇ ಆಗಿದೆ. ಆದರೆ ಇಂದು ಮನೆಗೆ ಬಂದು ನಂಬರ್ ಕೊಟ್ಟ ಕಾನ್‌ಸ್ಟೆಬಲ್‌ನನ್ನು ಹೊಸ ಸಾಹೇಬರು ನಾಳೆ ಸಮನ್ಸ್ ಜಾರಿ ಕೆಲಸಕ್ಕೆ ಹಾಕಿದರೆ ಆ ಪರಿಚಯ ಉಳಿಯುವುದು ಹೇಗೆ?

ಇದು ನಾನೊಬ್ಬ ಹೊಸದಾಗಿ ಕಂಡುಹಿಡಿದ ವಿಷಯವಲ್ಲ. ಪೊಲೀಸ್ ಸುಧಾರಣೆ ಕೋರಿದ್ದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ನೀಡಿದ ನಿರ್ದೇಶನಗಳಲ್ಲಿ, ಜಿಲ್ಲೆಯ ಎಸ್ಪಿ ಮತ್ತು ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು, ತನಿಖೆಯ ಸಿಬ್ಬಂದಿಯನ್ನು ಕಾನೂನು-ಸುವ್ಯವಸ್ಥೆಯ ಸಿಬ್ಬಂದಿಯಿಂದ ಬೇರ್ಪಡಿಸಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಆ ತೀರ್ಪಿನ ಹಿನ್ನೆಲೆಯಲ್ಲಿ ನಮ್ಮ ರಾಜ್ಯವೂ 1963ರ ಪೊಲೀಸ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದಿತು. ತನಿಖೆ ನೋಡುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಬಂದೋಬಸ್ತಿಗೆ ಹೋಗದೆ ಇದ್ದಿದ್ದರೆ ನನ್ನ ಹನ್ನೊಂದು ಗಂಟು ನೂಲಿನ ಜಾಡು ಸಿಗುತ್ತಿತ್ತೋ ಏನೋ.

2024ರ ಜುಲೈ 1ರಿಂದ ಜಾರಿಗೆ ಬಂದ, ದೂರು-ತನಿಖೆಗಳ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಿಂದ ದೂರುದಾರರ ಕೈ ಬಲವಾಗಿದೆ. ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಠಾಣೆಯವರು ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು, ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಒಪ್ಪದಿದ್ದರೆ ಎಸ್ಪಿಯವರಿಗೆ ಬರೆಯಬಹುದು. ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ದೂರುದಾರನಿಗೆ ತಿಳಿಸಬೇಕೆಂಬ ನಿಯಮವೂ ಅದರಲ್ಲಿದೆ. ಅಂದು ಈ ಕಾನೂನು ಇದ್ದಿದ್ದರೆ ನಾನು ಎರಡು ಠಾಣೆಗೆ ಅಲೆಯಬೇಕಾಗಿರಲಿಲ್ಲ. ಹಾಗಿದ್ದೂ 90 ದಿನಗಳ ನಡುವೆ ಅಧಿಕಾರಿಯೇ ಬದಲಾದರೆ ಆ ಹೊಣೆ ಯಾರದು ಎಂದು ಕಾಗದದ ಮೇಲೆ ಇರಬೇಕಲ್ಲವೇ?

ಆದ್ದರಿಂದ ಗೃಹ ಇಲಾಖೆಗೆ ನನ್ನ ಕೋರಿಕೆ ಇಷ್ಟು. ಗದಗ-ಬೆಟಗೇರಿಯಂಥ ಸಣ್ಣ ನಗರಗಳ ಠಾಣಾಧಿಕಾರಿಯನ್ನು ಎರಡು ವರ್ಷದೊಳಗೆ ಬದಲಿಸಬೇಕಾದರೆ ಅದಕ್ಕೆ ಕಾರಣವನ್ನು ಆದೇಶದಲ್ಲೇ ಬರೆಯಲಿ. ಹೋಗುವ ಅಧಿಕಾರಿ ಬಾಕಿ ಇರುವ ಪ್ರತಿ ಪ್ರಕರಣದ ಬಗ್ಗೆ ಒಂದು ಟಿಪ್ಪಣಿ ಬರೆದು ಬರುವವರ ಸಹಿ ಪಡೆದೇ ಅಧಿಕಾರ ಒಪ್ಪಿಸುವಂತಾಗಲಿ. ಬೀಟ್ ಕಾನ್‌ಸ್ಟೆಬಲ್‌ಗಳನ್ನು ಬದಲಿಸುವಾಗ ಹಳಬರು ಹೊಸಬರನ್ನು ಕರೆದುಕೊಂಡು ಒಮ್ಮೆ ಓಣಿಯಲ್ಲಿ ತಿರುಗಲಿ. ಇದಕ್ಕೆ ಬೇಕಾದದ್ದು ಎಸ್ಪಿಯವರ ಒಂದು ಸೂಚನೆ ಮಾತ್ರ. ಸಾಮಾನ್ಯ ವರ್ಗಾವಣೆಯ ಪಟ್ಟಿ ಸಿದ್ಧವಾಗುವ ಮುನ್ನ ಅವಳಿ ನಗರದ ಪ್ರತಿ ಠಾಣಾಧಿಕಾರಿಯ ಹೆಸರಿನ ಮುಂದೆ ಅವರು ಬಂದ ದಿನಾಂಕವನ್ನು ಒಮ್ಮೆ ನೋಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

ಇಂತಿ,
ಒಬ್ಬ ನೂಲಿನ ವ್ಯಾಪಾರಿ
ಬೆಟಗೇರಿ, ಗದಗ